ನರಸಿಂಹಾಚಾರ್ ಎಂಬ ಹೆಸರಿನ ಲೇಖಕರು ಮತ್ತು ಅವರ ಪುಸ್ತಕಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಒಂದು ಸಣ್ಣ ವಾಚನಾಲಯದಲ್ಲಿ ಪುಸ್ತಕಗಳನ್ನು ಜೋಡಿಸಿಡುವ ಕೆಲಸದಲ್ಲಿ ಕೈಜೋಡಿಸುತ್ತ ಬಂದಿರುವ ನನಗೆ ಅತಿ ಹೆಚ್ಚು ಎದುರಾದ ಗೊಂದಲ ಯಾವುದೆಂದರೆ, ‘ನರಸಿಂಹಾಚಾರ್ ಅವರ ಪುಸ್ತಕ ಕೊಡಿ’ ಎಂದು ಕೇಳಿದವರಿಗೆ ಯಾವ ನರಸಿಂಹಾಚಾರ್ ಎಂದು ಮರುಪ್ರಶ್ನೆ ಹಾಕಬೇಕಾಗುವುದು. ವಿದ್ಯಾರ್ಥಿಗಳು, ನಿವೃತ್ತರು, ಪರೀಕ್ಷೆಗೆ ಓದುವವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿಗೆ ನಾನು ಕೊಡುತ್ತಿದ್ದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ನರಸಿಂಹಾಚಾರ್ ಎಂಬುದು ಮನೆತನದ ಹೆಸರೇ?

ಅಲ್ಲ. ಧಾರವಾಡದ ಕಡೆ ಬೇಂದ್ರೆ ಎಂದರೆ ಅದು ಮನೆತನದ ಹೆಸರು, ದ.ರಾ. ಬೇಂದ್ರೆಯವರ ಮಗ ವಾಮನರೂ ಬೇಂದ್ರೆಯೇ ಆಗಿದ್ದರು. ಕರಾವಳಿಯ ಕಾರಂತ, ಭಟ್ಟ, ಪೈಗಳೂ ಹಾಗೆಯೇ. ಹಳೆಯ ಮೈಸೂರಿನ ನಮ್ಮಲ್ಲಿ ಆ ರೂಢಿ ಕಡಿಮೆ. ಇಲ್ಲಿ ಹೆಸರಿನ ಕೊನೆಯಲ್ಲಿ ಬರುವುದು ಬಹುಮಟ್ಟಿಗೆ ಆ ವ್ಯಕ್ತಿಗೆ ನಾಮಕರಣದ ದಿನ ಇಟ್ಟ ಹೆಸರೇ ಹೊರತು ಕುಲದ ಹೆಸರಲ್ಲ. ‘ನರಸಿಂಹ’ ಎಂಬುದು ದೇವರ ಹೆಸರು, ‘ಆಚಾರ್’ ಅಥವಾ ‘ಆಚಾರ್ಯ’ ಎಂಬುದು ಅದಕ್ಕೆ ಸೇರಿದ ಗೌರವದ ಬಾಲ. ಹಾಗಾಗಿ ಅಪ್ಪ ತಿರುನಾರಾಯಣ ಅಯ್ಯಂಗಾರ್ ಆಗಿದ್ದು ಮಗ ನರಸಿಂಹಾಚಾರ್ ಆಗಿರುವುದು ಇಲ್ಲಿ ಸಹಜ.

ಈ ಹೆಸರು ಈ ಸೀಮೆಯಲ್ಲಿ ಇಷ್ಟು ಹರಡಿರುವುದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಮೇಲುಕೋಟೆಯ ಬೆಟ್ಟದ ತುದಿಯಲ್ಲಿ ಯೋಗಾನರಸಿಂಹನಿದ್ದಾನೆ. ಶ್ರೀರಂಗಪಟ್ಟಣದಲ್ಲಿ ಕಂಠೀರವ ನರಸರಾಜ ಒಡೆಯರು ಕಟ್ಟಿಸಿದ ನರಸಿಂಹನ ಗುಡಿಯಿದೆ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿಯೂ ಇದಕ್ಕೆ ಸೇರಿಕೊಂಡು, ಒಂದೇ ಬೀದಿಯಲ್ಲಿ ಮೂರು ನಾಲ್ಕು ಮಂದಿ ನರಸಿಂಹಾಚಾರರು ಇರುವುದು ಒಂದು ಕಾಲಕ್ಕೆ ವಿಶೇಷವೇ ಆಗಿರಲಿಲ್ಲ.

ಹಾಗಾದರೆ ಒಬ್ಬರಿಂದ ಇನ್ನೊಬ್ಬರನ್ನು ಬೇರೆ ಮಾಡುವುದು ಹೇಗೆ?

ಹೆಸರಿನ ಮುಂದಿರುವ ಅಕ್ಷರಗಳಿಂದ. ನಮ್ಮ ಕಡೆ ವ್ಯಕ್ತಿಯ ಗುರುತು ಹೆಸರಿನ ತಲೆಯಲ್ಲಿದೆ, ಬಾಲದಲ್ಲಿಲ್ಲ. ಸಾಮಾನ್ಯವಾಗಿ ಮೊದಲನೆಯ ಅಕ್ಷರ ಊರಿನದೋ ಮನೆಯ ವೃತ್ತಿಯದೋ ಆಗಿದ್ದು, ಎರಡನೆಯದು ತಂದೆಯದಾಗಿರುತ್ತದೆ. ಪು.ತಿ.ನ. ಎಂಬ ಮೂರಕ್ಷರವನ್ನು ಬಿಡಿಸಿದರೆ ಪುರೋಹಿತ ತಿರುನಾರಾಯಣ ನರಸಿಂಹಾಚಾರ್ ಎಂದಾಗುತ್ತದೆ: ಮನೆತನದ ಕಸುಬು, ತಂದೆಯ ಹೆಸರು, ತನ್ನ ಹೆಸರು. ತಿರುನಾರಾಯಣನೆಂದರೆ ಮೇಲುಕೋಟೆಯ ಊರೊಳಗಿನ ಚೆಲುವನಾರಾಯಣ, ನರಸಿಂಹನೆಂದರೆ ಬೆಟ್ಟದ ಮೇಲಿನವನು. ಊರಿನ ಎರಡೂ ದೇವರುಗಳು ಒಬ್ಬ ಕವಿಯ ಹೆಸರಿನಲ್ಲಿ ಕೂತಿರುವುದನ್ನು ಗಮನಿಸಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಆದರೆ ಈ ನಿಯಮ ಎಲ್ಲೆಡೆಯೂ ನಡೆಯುವುದಿಲ್ಲ. ಡಿ.ಎಲ್. ನರಸಿಂಹಾಚಾರ್ ಎಂಬಲ್ಲಿ ‘ಡಿ’ ದೊಡ್ಡಬೆಲೆ ಎಂಬ ಊರು. ‘ಎಲ್’ ಮಾತ್ರ ತಂದೆಯ ಹೆಸರಲ್ಲ, ಲಕ್ಷ್ಮೀ. ಅವರ ಹೆಸರು ಲಕ್ಷ್ಮೀನರಸಿಂಹಾಚಾರ್. ಇಂಗ್ಲಿಷ್ ಅಕ್ಷರಗಳ ರೂಢಿ ಒಂದು ಹೆಸರನ್ನೇ ಎರಡಾಗಿ ಸೀಳಿ, ಲಕ್ಷ್ಮಿಯನ್ನು ಒಂದಕ್ಷರಕ್ಕೆ ಇಳಿಸಿಬಿಟ್ಟಿತು.

ಕನ್ನಡ ಓದುಗ ತಿಳಿದಿರಲೇಬೇಕಾದ ನರಸಿಂಹಾಚಾರರು ಎಷ್ಟು ಮಂದಿ?

ನಾಲ್ವರು. ಆರ್. ನರಸಿಂಹಾಚಾರ್ (1860–1936), ಎಸ್.ಜಿ. ನರಸಿಂಹಾಚಾರ್ (1862–1907), ಪು.ತಿ. ನರಸಿಂಹಾಚಾರ್ (1905–1998), ಡಿ.ಎಲ್. ನರಸಿಂಹಾಚಾರ್ (1906–1971). ಮೊದಲ ಇಬ್ಬರು ಒಂದು ತಲೆಮಾರಿನವರು, ಎರಡು ವರ್ಷದ ಅಂತರದಲ್ಲಿ ಹುಟ್ಟಿದವರು. ಕೊನೆಯ ಇಬ್ಬರು ಇನ್ನೊಂದು ತಲೆಮಾರಿನವರು, ಒಂದು ವರ್ಷದ ಅಂತರದವರು. ಆರ್. ಅವರು ಹುಟ್ಟಿದ ಕೊಪ್ಪಲು, ಎಸ್.ಜಿ. ಅವರ ಶ್ರೀರಂಗಪಟ್ಟಣ, ಪು.ತಿ.ನ. ಅವರ ಮೇಲುಕೋಟೆ ಮೂರೂ ಇಂದಿನ ಮಂಡ್ಯ ಜಿಲ್ಲೆಯಲ್ಲಿವೆ. ಡಿ.ಎಲ್.ಎನ್. ಅವರು ಬೇರೆ ಕಡೆಯವರಾದರೂ ಅವರ ವಿದ್ವತ್ತು ಬೆಳೆದು ಫಲ ಕೊಟ್ಟದ್ದು ಮೈಸೂರಿನಲ್ಲಿ.

ಇವರಲ್ಲಿ ಮೂವರು ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು: 1918ರಲ್ಲಿ ಧಾರವಾಡದಲ್ಲಿ ಆರ್., 1960ರಲ್ಲಿ ಬೀದರಿನಲ್ಲಿ ಡಿ.ಎಲ್., 1981ರಲ್ಲಿ ಚಿಕ್ಕಮಗಳೂರಿನಲ್ಲಿ ಪು.ತಿ.ನ. ಪರೀಕ್ಷೆಗೆ ಓದುವವರು ಈ ಮೂರನ್ನು ಅದಲುಬದಲು ಮಾಡುವುದನ್ನು ಎಷ್ಟೋ ಸಲ ಕಂಡಿದ್ದೇನೆ.

ಇವರೆಲ್ಲ ಪರಸ್ಪರ ನೆಂಟರೇ?

ಹೆಸರು ಒಂದೇ ಆದ ಮಾತ್ರಕ್ಕೆ ನೆಂಟಸ್ತನವನ್ನು ಊಹಿಸಬಾರದು.

‘ಕರ್ಣಾಟಕ ಕವಿಚರಿತೆ’ಯನ್ನು ಬರೆದವರು ಒಬ್ಬರೋ ಇಬ್ಬರೋ?

ಇಡೀ ಗೊಂದಲದ ಮೂಲ ಇಲ್ಲಿದೆ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಕವಿಚರಿತೆ ಎಂದರೆ ಕನ್ನಡ ಕವಿಗಳ ಕಾಲ, ಸ್ಥಳ, ಕೃತಿಗಳನ್ನು ಹೇಳುವ ಮೂರು ಸಂಪುಟಗಳ ಗ್ರಂಥ. 1907ರಲ್ಲಿ ಬಂದ ಮೊದಲನೆಯ ಸಂಪುಟದ ಮೇಲೆ ಇಬ್ಬರ ಹೆಸರಿದೆ, ಮತ್ತು ಆ ಇಬ್ಬರೂ ನರಸಿಂಹಾಚಾರ್ಯರೇ: ಆರ್. ಮತ್ತು ಎಸ್.ಜಿ. ಅದೇ ವರ್ಷ ಎಸ್.ಜಿ. ಅವರು ನಲವತ್ತೈದರ ಆಸುಪಾಸಿನಲ್ಲಿಯೇ ತೀರಿಕೊಂಡರು. ಆಮೇಲಿನ ಎರಡು ಸಂಪುಟಗಳನ್ನು, 1919ರದನ್ನೂ 1929ರದನ್ನೂ, ಆರ್. ಅವರು ಒಬ್ಬರೇ ಮುಗಿಸಿದರು. ನಡುವೆ 1924ರಲ್ಲಿ ಮೊದಲ ಸಂಪುಟವನ್ನು ಪರಿಷ್ಕರಿಸಿ ಮತ್ತೆ ಹೊರತಂದರು. ಹೀಗಾಗಿ ಕೆಲವು ಪಟ್ಟಿಗಳಲ್ಲಿ ಒಬ್ಬರ ಹೆಸರು, ಕೆಲವದರಲ್ಲಿ ಇಬ್ಬರ ಹೆಸರು ಬರುತ್ತದೆ. ‘ನರಸಿಂಹಾಚಾರ್ಯ’ ಎಂದು ಎರಡು ಸಲ ಅಚ್ಚಾಗಿರುವುದನ್ನು ಕಂಡು ಮುದ್ರಣದೋಷವೆಂದು ಭಾವಿಸಿ ಒಂದನ್ನು ಹೊಡೆದುಹಾಕಿದ ಪಟ್ಟಿಯನ್ನೂ ನಾನು ನೋಡಿದ್ದೇನೆ. ಅದು ದೋಷವಲ್ಲ, ಇಬ್ಬರು ಮನುಷ್ಯರ ದುಡಿಮೆ.

ಆ ಕಾಲಕ್ಕೆ ಈ ಕೆಲಸ ಎಂಥದ್ದಾಗಿತ್ತೆಂಬುದನ್ನು ಇಂದು ಊಹಿಸುವುದು ಕಷ್ಟ. ಹಳಗನ್ನಡದ ಬಹುಪಾಲು ಕಾವ್ಯಗಳು ಇನ್ನೂ ಓಲೆಗರಿಯಲ್ಲೇ ಇದ್ದವು. ಯಾವ ಕವಿ ಯಾವ ಶತಮಾನದವನೆಂದು ನಿರ್ಧರಿಸಲು ಅವನು ಯಾರನ್ನು ಸ್ಮರಿಸಿದ್ದಾನೆ, ಅವನನ್ನು ಯಾರು ಸ್ಮರಿಸಿದ್ದಾರೆ, ಅವನ ಆಶ್ರಯದಾತನ ಹೆಸರು ಯಾವ ಶಾಸನದಲ್ಲಿದೆ ಎಂಬುದನ್ನೆಲ್ಲ ಒಂದಕ್ಕೊಂದು ತಾಳೆ ನೋಡಬೇಕಾಗಿತ್ತು. ಬಳಿಕ ಬಂದ ಸಾಹಿತ್ಯ ಚರಿತ್ರೆಕಾರರು ಎಷ್ಟೋ ಕಡೆ ಇವರ ಕಾಲನಿರ್ಣಯವನ್ನು ತಿದ್ದಿದ್ದಾರೆ. ಆದರೆ ತಿದ್ದುವುದಕ್ಕೆ ಒಂದು ಪಠ್ಯ ಇದ್ದದ್ದು ಇವರಿಂದ.

ಆರ್. ನರಸಿಂಹಾಚಾರ್ ಕವಿಚರಿತೆಯೊಂದನ್ನೇ ಬರೆದರೇ?

ಇಲ್ಲ. ಅವರ ಪುಸ್ತಕಗಳನ್ನು ಮೂರು ಬೇರೆ ಬೇರೆ ಕಪಾಟುಗಳಲ್ಲಿ ಹುಡುಕಬೇಕಾಗುತ್ತದೆ, ಅದರಿಂದಲೇ ಅವು ಒಬ್ಬರವೆಂದು ಹಲವರಿಗೆ ಹೊಳೆಯುವುದಿಲ್ಲ. ಮದರಾಸು ವಿಶ್ವವಿದ್ಯಾನಿಲಯದಿಂದ 1893ರಲ್ಲಿ ಕನ್ನಡದಲ್ಲಿ ಎಂ.ಎ. ಪದವಿ ಪಡೆದ ಅವರು, ಬಿ.ಎಲ್. ರೈಸ್ ನಿವೃತ್ತರಾದ ಮೇಲೆ 1906ರಿಂದ 1922ರವರೆಗೆ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯನ್ನು ನಡೆಸಿದರು. ಸೋಮನಾಥಪುರ, ಬೇಲೂರು, ದೊಡ್ಡಗದ್ದವಳ್ಳಿಯ ದೇವಾಲಯಗಳನ್ನು ಕುರಿತು ಇಂಗ್ಲಿಷಿನಲ್ಲಿ ಅವರು ಬರೆದ ಕಿರುಗ್ರಂಥಗಳು ಕಲೆಯ ಕಪಾಟಿನಲ್ಲಿರುತ್ತವೆ. ಶ್ರವಣಬೆಳಗೊಳದ ಶಾಸನಗಳ ಪರಿಷ್ಕೃತ ಸಂಪುಟ ಇತಿಹಾಸದ ಕಡೆ ಇರುತ್ತದೆ. ಶಾಸನಗಳಲ್ಲಿ ಹುದುಗಿದ್ದ ಒಳ್ಳೆಯ ಪದ್ಯಗಳನ್ನು ಆಯ್ದು ಕೂಡಿಸಿದ ‘ಶಾಸನ ಪದ್ಯಮಂಜರಿ’ ಕಾವ್ಯದ ಜೊತೆಗಿರುತ್ತದೆ. ನನ್ನ ಮಟ್ಟಿಗೆ ಈ ಕೊನೆಯದು ಅವರ ಮನಸ್ಸನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸುವ ಪುಸ್ತಕ: ದಾನದ ವಿವರ, ಎಲ್ಲೆಕಟ್ಟು, ದಾನ ಕೆಡಿಸಿದವರಿಗೆ ಹಾಕಿದ ಶಾಪದ ಮಾತುಗಳ ನಡುವೆ ಯಾರೋ ಹೆಸರಿಲ್ಲದ ಕವಿ ಕೆತ್ತಿಸಿದ ಒಂದು ಕಂದಪದ್ಯ ಅವರ ಕಣ್ಣಿಗೆ ಕವಿತೆಯಾಗಿ ಕಂಡಿತು.

ಸೋಮನಾಥಪುರದ ಕೇಶವ ದೇವಾಲಯ ಹೊಯ್ಸಳ ಮೂರನೆಯ ನರಸಿಂಹನ ಕಾಲದ್ದು. ಅದನ್ನು ಕುರಿತು ವಿವರವಾಗಿ ಬರೆದವರೂ ನರಸಿಂಹಾಚಾರರೇ ಆದದ್ದು ಕಾಕತಾಳೀಯ, ಆದರೆ ಮೈಸೂರಿನಿಂದ ಆ ಗುಡಿಗೆ ಹೋಗುವವರು ಆ ಪುಸ್ತಕವನ್ನು ಮೊದಲು ಓದಿ ಹೋಗಲಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಎಸ್.ಜಿ. ನರಸಿಂಹಾಚಾರ್ ಅವರ ಪುಸ್ತಕಗಳು ಏಕೆ ಅಷ್ಟಾಗಿ ಕಾಣಿಸುವುದಿಲ್ಲ?

ಬೇಗ ತೀರಿಕೊಂಡದ್ದು ಒಂದು ಕಾರಣ, ದೀರ್ಘಕಾಲ ಬಾಳಿದ ಅದೇ ಹೆಸರಿನವರ ನೆರಳಿನಲ್ಲಿ ಉಳಿದದ್ದು ಇನ್ನೊಂದು. ಅವರು ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಹಳಗನ್ನಡ ಕಾವ್ಯಗಳ ನಡುವೆ ದುಡಿದವರು, ಎಂ.ಎ. ರಾಮಾನುಜಯ್ಯಂಗಾರರೊಂದಿಗೆ ‘ಕರ್ಣಾಟಕ ಕಾವ್ಯಮಂಜರಿ’ಯ ಮೂಲಕ ಹಳೆಯ ಕೃತಿಗಳನ್ನು ಅಚ್ಚಿಗೆ ತಂದವರು. ಅದೇ ಕೈ ಮಕ್ಕಳಿಗಾಗಿ ಈಸೋಪನ ನೀತಿಕಥೆಗಳನ್ನೂ ಗಲಿವರನ ದೇಶಸಂಚಾರವನ್ನೂ ಕನ್ನಡಕ್ಕೆ ತಂದಿತು. ಪಂಡಿತರ ಕೆಲಸವನ್ನೂ ಶಾಲೆಯ ಹುಡುಗರ ಓದನ್ನೂ ಸಮನಾಗಿ ಕಂಡ ಇಂಥವರು ಮರೆಯಾಗಿರುವುದು ನನಗೆ ನಿಜವಾದ ನೋವು. ಅವರ ಪುಸ್ತಕ ಹಳೆಯ ಮನೆಗಳ ಅಟ್ಟದಲ್ಲಿ ಸಿಕ್ಕಿದರೆ ದಯವಿಟ್ಟು ರದ್ದಿಗೆ ಹಾಕಬೇಡಿ.

ಡಿ.ಎಲ್. ನರಸಿಂಹಾಚಾರ್ ಅವರ ಪುಸ್ತಕಗಳು ವಿದ್ವಾಂಸರಿಗೆ ಮಾತ್ರವೇ?

ಬಹುಪಾಲು ಹೌದು ಎಂದು ಒಪ್ಪಿಕೊಂಡೇ, ಎಲ್ಲವೂ ಅಲ್ಲ ಎಂದು ಹೇಳಬೇಕು. ಅವರು ಬಾಳೆಲ್ಲ ಮಾಡಿದ ಕೆಲಸ ಗ್ರಂಥಸಂಪಾದನೆ. ಒಂದು ಹಳೆಯ ಕೃತಿಯ ಐದಾರು ಓಲೆಪ್ರತಿಗಳು ದೊರೆತರೆ ಅವುಗಳಲ್ಲಿ ಯಾವ ಎರಡೂ ಒಂದೇ ಬಗೆಯಾಗಿರುವುದಿಲ್ಲ. ಹಳೆಯ ಲಿಪಿಯಲ್ಲಿ ಎ ಮತ್ತು ಏ, ಒ ಮತ್ತು ಓ ಸ್ವರಚಿಹ್ನೆಗಳಿಗೆ ವ್ಯತ್ಯಾಸವಿರಲಿಲ್ಲ. ಪದ ಪದದ ನಡುವೆ ಜಾಗ ಬಿಡುತ್ತಿರಲಿಲ್ಲ. ಪಕಾರ ವಕಾರಗಳು ಒಂದಕ್ಕೊಂದು ತೀರ ಹತ್ತಿರ. ಲಿಪಿಕಾರ ಅರ್ಥವಾಗದ್ದನ್ನು ತನಗೆ ತಿಳಿದ ಮಾತಿಗೆ ತಿರುಗಿಸಿಕೊಂಡಿರುತ್ತಾನೆ. ಈ ಎಲ್ಲ ಪಾಠಾಂತರಗಳ ನಡುವೆ ಕವಿ ನಿಜವಾಗಿ ಬರೆದದ್ದು ಏನಿದ್ದಿರಬಹುದು ಎಂದು ತೂಗಿ ನೋಡುವ ಶಾಸ್ತ್ರವನ್ನು ಅವರು ‘ಕನ್ನಡ ಗ್ರಂಥಸಂಪಾದನೆ’ (1964) ಎಂಬ ಪುಸ್ತಕದಲ್ಲಿ ಕನ್ನಡದ ಉದಾಹರಣೆಗಳಿಂದಲೇ ಕಟ್ಟಿಕೊಟ್ಟರು.

ಆ ಶಾಸ್ತ್ರವನ್ನು ಅವರು ಆಚರಿಸಿ ತೋರಿಸಿದ್ದು ‘ವಡ್ಡಾರಾಧನೆ’ಯಲ್ಲಿ, ಹಳಗನ್ನಡ ವ್ಯಾಕರಣವಾದ ‘ಶಬ್ದಮಣಿದರ್ಪಣ’ದಲ್ಲಿ. ಹತ್ತೊಂಬತ್ತು ಕಥೆಗಳ ವಡ್ಡಾರಾಧನೆಯನ್ನು ಇಂದು ನಾವು ಕನ್ನಡದ ಅತಿ ಹಳೆಯ ಗದ್ಯಕೃತಿಯೆಂದು ಓದುವಾಗ, ಆ ಓದು ಸಾಧ್ಯವಾದದ್ದರ ಹಿಂದೆ 1949ರ ಅವರ ಸಂಪಾದನೆಯಿದೆ. ‘ಪಂಪಭಾರತ ದೀಪಿಕೆ’ ಅವರು ತೀರಿಕೊಂಡ ವರ್ಷವಾದ 1971ರದ್ದು. ಪಂಪನ ಒಂದೊಂದು ಪದ್ಯಕ್ಕೂ ಅರ್ಥ ಬಿಡಿಸಿ, ಸಂದೇಹವಿರುವ ಕಡೆ ಸಂದೇಹವಿದೆ ಎಂದೇ ಬರೆದಿರುವ ಆ ಪುಸ್ತಕದ ಪ್ರಾಮಾಣಿಕತೆ ನನಗೆ ಗುರುವಿನಂತಿದೆ. ಹಳಗನ್ನಡ ಬಾರದವರು ಅವರ ‘ಶಬ್ದವಿಹಾರ’ದಿಂದ ಆರಂಭಿಸಬಹುದು, ನಾವು ದಿನವೂ ಆಡುವ ಮಾತುಗಳ ಹಿಂದಿನ ದಾರಿಯನ್ನು ಹುಡುಕಿಕೊಂಡು ಹೋಗುವ ಬರಹಗಳು ಅದರಲ್ಲಿವೆ.

ಪು.ತಿ.ನ. ಎಂದರೆ ಇವರ ಸಾಲಿನವರೇ? ಕವಿಯನ್ನು ಪಂಡಿತರ ಜೊತೆ ಏಕೆ ಸೇರಿಸುತ್ತೀರಿ?

ಹೆಸರಿನಿಂದ ಸೇರುತ್ತಾರೆ, ಬರಹದಿಂದ ಪೂರ್ತಿ ಬೇರೆಯಾಗುತ್ತಾರೆ. ಸೇರಿಸುವುದರಲ್ಲಿ ಅರ್ಥವಿರುವುದೂ ಅದಕ್ಕಾಗಿಯೇ. 1933ರ ‘ಹಣತೆ’ಯಿಂದ ಮೊದಲಾಗಿ ‘ಮಾಂದಳಿರು’, ‘ರಸಸರಸ್ವತಿ’, ‘ಮಲೆದೇಗುಲ’ಗಳವರೆಗೆ ಅವರ ಕವಿತೆಗಳಲ್ಲಿ ಮೇಲುಕೋಟೆ ಹೆಸರು ಹೇಳಿಯೂ ಹೇಳದೆಯೂ ಬರುತ್ತಲೇ ಇರುತ್ತದೆ. ಅಲ್ಲಿಯ ಕಲ್ಯಾಣಿ, ಬಂಡೆಗಳು, ಉತ್ಸವದ ವಾದ್ಯ, ಬೆಟ್ಟ ಹತ್ತುವ ಮೆಟ್ಟಿಲು ಇವನ್ನು ಕಂಡವರಿಗೆ ಆ ಕವಿತೆಗಳು ಇನ್ನೊಂದು ಬಗೆಯಲ್ಲಿ ತೆರೆದುಕೊಳ್ಳುತ್ತವೆ.

ಅವರ ಗೀತನಾಟಕಗಳನ್ನು ಪ್ರತ್ಯೇಕವಾಗಿ ಹೇಳಬೇಕು. ‘ಗೋಕುಲ ನಿರ್ಗಮನ’ವನ್ನು ಕಾಗದದ ಮೇಲೆ ಓದಿದರೆ ಅರ್ಧ ಮಾತ್ರ ಸಿಕ್ಕುತ್ತದೆ, ಏಕೆಂದರೆ ಅದರ ಮಾತು ರಾಗಕ್ಕಾಗಿ ಹುಟ್ಟಿದ್ದು, ಬಿ.ವಿ. ಕಾರಂತರು ಅದನ್ನು ರಂಗಕ್ಕೆ ತಂದ ಮೇಲೆ ಎಷ್ಟೋ ಜನರಿಗೆ ಅದರ ಸೊಗಸು ತಿಳಿಯಿತು. ‘ಅಹಲ್ಯೆ’ಯೂ ಅಂಥದೇ. ‘ಹಂಸದಮಯಂತಿ ಮತ್ತು ಇತರ ರೂಪಕಗಳು’ ಎಂಬ ಸಂಗ್ರಹಕ್ಕೆ 1966ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇಳಿವಯಸ್ಸಿನಲ್ಲಿ ಅವರು ‘ಶ್ರೀಹರಿಚರಿತೆ’ ಎಂಬ ಮಹಾಕಾವ್ಯವನ್ನು ಬರೆದರು. ಕಾವ್ಯವೆಂದರೆ ಹಿಂಜರಿಯುವವರು ‘ಈಚಲು ಮರದ ಕೆಳಗೆ’, ‘ರಾಮಾಚಾರಿಯ ನೆನಪು’ ಎಂಬ ಪ್ರಬಂಧ ಸಂಕಲನಗಳನ್ನು ತೆರೆಯಲಿ. ಮೇಲುಕೋಟೆಯಲ್ಲಿ ಅವರ ಮನೆಯನ್ನು ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ; ಮಂಡ್ಯದಿಂದಲೂ ಮೈಸೂರಿನಿಂದಲೂ ಒಂದು ಹಗಲಿನಲ್ಲಿ ಹೋಗಿಬರಬಹುದು.

ನರಸಿಂಹಸ್ವಾಮಿ, ನರಸಿಂಹಯ್ಯ ಎಂಬ ಹೆಸರಿನವರನ್ನೂ ಇದೇ ಗುಂಪಿನಲ್ಲಿ ಇಡಬೇಕೇ?

ಅಕಾರಾದಿಯಲ್ಲಿ ಅಕ್ಕಪಕ್ಕ ಬರುತ್ತಾರೆ, ಅಷ್ಟೇ. ಕೆ.ಎಸ್. ನರಸಿಂಹಸ್ವಾಮಿ ಮಂಡ್ಯ ಜಿಲ್ಲೆಯ ಕಿಕ್ಕೇರಿಯವರು. 1942ರ ‘ಮೈಸೂರ ಮಲ್ಲಿಗೆ’ಯಿಂದ ಮನೆಮನೆಗೆ ತಲುಪಿದರು, ‘ತೆರೆದ ಬಾಗಿಲು’ ಸಂಕಲನಕ್ಕೆ 1977ರಲ್ಲಿ ಅಕಾಡೆಮಿ ಪ್ರಶಸ್ತಿ ಪಡೆದರು. ಮೈಸೂರಿನಲ್ಲಿ ‘ಧ್ವನ್ಯಾಲೋಕ’ ಎಂಬ ಸಾಹಿತ್ಯ ಅಧ್ಯಯನ ಕೇಂದ್ರವನ್ನು ಸ್ಥಾಪಿಸಿದ ಸಿ.ಡಿ. ನರಸಿಂಹಯ್ಯ ಇಂಗ್ಲಿಷ್ ಪ್ರಾಧ್ಯಾಪಕರು, ಅವರ ಮುಖ್ಯ ಪುಸ್ತಕಗಳು ಇಂಗ್ಲಿಷಿನಲ್ಲಿವೆ. ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರು ಬೇರೆ, ‘ಹೋರಾಟದ ಹಾದಿ’ ಎಂಬ ಆತ್ಮಕಥೆ ಅವರದು. ಈ ಇಬ್ಬರು ನರಸಿಂಹಯ್ಯರನ್ನು ಒಬ್ಬರೆಂದು ತಿಳಿದವರು ಹಲವರಿದ್ದಾರೆ.

ಗ್ರಂಥಾಲಯದ ಪಟ್ಟಿಯಲ್ಲಿ ಇವರ ಪುಸ್ತಕಗಳನ್ನು ಹುಡುಕುವುದು ಹೇಗೆ?

ಒಂದೇ ಹೆಸರನ್ನು ಕನಿಷ್ಠ ಮೂರು ರೂಪದಲ್ಲಿ ಹುಡುಕಬೇಕು: ನರಸಿಂಹಾಚಾರ್, ನರಸಿಂಹಾಚಾರ್ಯ, ನರಸಿಂಹಾಚಾರಿ. ಹಳೆಯ ಮುಖಪುಟಗಳಲ್ಲಿ ‘ಆಚಾರ್ಯ’ ಎಂದೇ ಹೆಚ್ಚಾಗಿ ಇರುತ್ತದೆ. ಇಂಗ್ಲಿಷ್ ಪಟ್ಟಿಯಾದರೆ ಕಾಗುಣಿತ ಇನ್ನೂ ಹಲವು ಬಗೆಯಾಗಿರುತ್ತದೆ. ಪು.ತಿ.ನ. ಅವರನ್ನು ಕೆಲವು ಕಡೆ ‘ನ’ ಅಕ್ಷರದಲ್ಲಿಯೂ ಕೆಲವು ಕಡೆ ‘ಪು’ ಅಕ್ಷರದಲ್ಲಿಯೂ ದಾಖಲಿಸಿರುತ್ತಾರೆ. ಡಿ.ಎಲ್.ಎನ್. ಸಂಪಾದಿಸಿದ ಕೃತಿಗಳು ಅವರ ಹೆಸರಿನಲ್ಲಿರದೆ ಶಬ್ದಮಣಿದರ್ಪಣ ಬರೆದ ಕೇಶಿರಾಜನ ಹೆಸರಿನಲ್ಲಿಯೋ ವಡ್ಡಾರಾಧನೆಯ ಕರ್ತೃವೆಂದು ಹೇಳುವ ಶಿವಕೋಟ್ಯಾಚಾರ್ಯನ ಹೆಸರಿನಲ್ಲಿಯೋ ಇರಬಹುದು, ಆದ್ದರಿಂದ ಕೃತಿಯ ಹೆಸರಿನಿಂದ ಹುಡುಕುವುದೇ ಕ್ಷೇಮ.

ಒಮ್ಮೆ ಒಂದು ಗ್ರಂಥಾಲಯದಲ್ಲಿ ‘ಹಣತೆ’ಗಾಗಿ ಅರ್ಧ ದಿನ ಹುಡುಕಿದೆ. ಕೊನೆಗೆ ಅದು ಸಿಕ್ಕಿದ್ದು ಭಾಷಾಶಾಸ್ತ್ರದ ಕಪಾಟಿನಲ್ಲಿ, ಡಿ.ಎಲ್.ಎನ್. ಅವರ ಪುಸ್ತಕಗಳ ನಡುವೆ. ಜೋಡಿಸಿದವರು ಬಾಲವನ್ನು ನೋಡಿದ್ದರು, ತಲೆಯನ್ನು ನೋಡಿರಲಿಲ್ಲ. ಅಂದಿನಿಂದ ನಮ್ಮ ವಾಚನಾಲಯದಲ್ಲಿ ಪ್ರತಿಯೊಂದು ಪುಸ್ತಕದ ಬೆನ್ನಿನ ಮೇಲೆ ಮೊದಲಕ್ಷರಗಳನ್ನು ದಪ್ಪವಾಗಿ ಬರೆಯುತ್ತೇವೆ.

ಮಂಡ್ಯದ ಕಡೆಯ ‘ಗೌಡ’ ಎಂಬ ಹೆಸರಿನವರ ಪುಸ್ತಕಗಳಿಗೂ ಇದೇ ಕ್ರಮ ಅನ್ವಯಿಸುತ್ತದೆಯೇ?

ಖಂಡಿತ. ಎಚ್.ಎಲ್. ನಾಗೇಗೌಡರನ್ನು ‘ಗೌಡ’ ಎಂಬಲ್ಲಿ ಹುಡುಕಿದರೆ ಯಾರಿಗೂ ಸಿಕ್ಕುವುದಿಲ್ಲ. ‘ನಾಗೇಗೌಡ’ ಎಂಬುದು ಇಡಿಯಾಗಿ ಒಂದು ಹೆಸರು. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯವರಾದ ಅವರು ‘ಪ್ರವಾಸಿ ಕಂಡ ಇಂಡಿಯಾ’ದ ಸಂಪುಟಗಳನ್ನು ಬರೆದು, ಜನಪದ ಗೀತೆಗಳನ್ನು ಕೂಡಿಸಿ, ಜಾನಪದ ಲೋಕವನ್ನು ಕಟ್ಟಿದರು. ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ, ಟಾಲ್‌ಸ್ಟಾಯ್‌ನನ್ನು ಕನ್ನಡಕ್ಕೆ ತಂದ ದೇ. ಜವರೇಗೌಡರೂ ಹಾಗೆಯೇ ‘ಜ’ ಅಕ್ಷರದವರು.

ಮನೆಯಲ್ಲಿ ಮುಖಪುಟ ಹರಿದುಹೋದ ಹಳೆಯ ಪುಸ್ತಕವೊಂದು ಸಿಕ್ಕಿದೆ. ‘ನರಸಿಂಹಾಚಾರ್ಯ’ ಎಂಬಷ್ಟು ಮಾತ್ರ ಉಳಿದಿದೆ. ಯಾರದೆಂದು ತಿಳಿಯುವುದು ಹೇಗೆ?

ಮೊದಲು ಪೀಠಿಕೆಯ ಕೊನೆಯನ್ನು ನೋಡಿ; ಅಲ್ಲಿ ಊರು ಮತ್ತು ತಾರೀಖು ಇರುವುದು ವಾಡಿಕೆ, ಕೆಲವೊಮ್ಮೆ ಇಸವಿಯ ಬದಲು ಸಂವತ್ಸರದ ಹೆಸರಿರುತ್ತದೆ. 1907ಕ್ಕೆ ಹಿಂದಿನದಾಗಿದ್ದು ಮಕ್ಕಳ ಕಥೆಯೋ ಇಂಗ್ಲಿಷಿನಿಂದ ಬಂದ ಕಥೆಯೋ ಆಗಿದ್ದರೆ ಎಸ್.ಜಿ. ಅವರದಾಗಿರುವ ಸಂಭವ ಹೆಚ್ಚು. ಕವಿಗಳ ಕಾಲ, ಸ್ಥಳ, ಮತ, ಗ್ರಂಥ ಎಂಬ ಕ್ರಮದಲ್ಲಿ ಬರೆದಿದ್ದರೆ ಅದು ಕವಿಚರಿತೆಯ ಯಾವುದೋ ಸಂಪುಟ. ಹದಿನೆಂಟನೆಯ ಶತಮಾನದ ಕವಿಗಳಿದ್ದರೆ ಮೂರನೆಯದು. ಪುಟದ ಕೆಳಗೆ ಸಣ್ಣ ಅಕ್ಷರಗಳಲ್ಲಿ ಪಾಠಾಂತರಗಳು ಸಾಲುಗಟ್ಟಿದ್ದರೆ ಡಿ.ಎಲ್.ಎನ್. ಅವರನ್ನು ನೆನೆಯಿರಿ. ಪದ್ಯಗಳ ನಡುವೆ ರಾಗತಾಳಗಳ ಸೂಚನೆಯಿದ್ದರೆ ಅದು ಬಹುತೇಕ ಪು.ತಿ.ನ. ಅವರ ಯಾವುದೋ ಗೀತನಾಟಕ. ಇಷ್ಟಾದರೂ ತಿಳಿಯದಿದ್ದರೆ ಪುಸ್ತಕವನ್ನು ಹಾಗೆಯೇ ಬಟ್ಟೆಯಲ್ಲಿ ಸುತ್ತಿ, ಅಂಟುಪಟ್ಟಿ ಹಚ್ಚದೆ, ಹತ್ತಿರದ ಕನ್ನಡ ಅಧ್ಯಾಪಕರಿಗೋ ಮಾನಸಗಂಗೋತ್ರಿಯ ಕನ್ನಡ ಅಧ್ಯಯನ ಸಂಸ್ಥೆಯಲ್ಲಿಯೋ ತೋರಿಸಿ.